ಮನೆಗೊಂದು ಲ್ಯಾಕ್ಟೋಮೀಟರ್ ಬೇಕಾ? ಡೈರಿಗೆ ಹಾಲು ಹಾಕಿದ ಮನೆಯವನ ರಿವ್ಯೂ

ಹಾಲಿಗೆ ನೀರು ಬೆರೆಸಿದ್ದಾರಾ ಅಂತ ಮನೆಯಲ್ಲೇ ನೋಡುವ ಗಾಜಿನ ಕೊಳವೆ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಲ್ಯಾಕ್ಟೋಮೀಟರ್ ಅಂತ ಹುಡುಕಿದರೆ ಹತ್ತಾರು ಬರುತ್ತವೆ. ನೋಡಲು ಎಲ್ಲ ಒಂದೇ ಥರ. ಕೆಳಗೆ ದಪ್ಪ ಬುರುಡೆ, ಅದರ ತಳದಲ್ಲಿ ಸಣ್ಣ ಸೀಸದ ಗುಂಡುಗಳು, ಮೇಲೆ ತೆಳ್ಳನೆಯ ಕೊಳವೆ, ಅದರೊಳಗೆ ಗೆರೆ ಹಾಕಿದ ಕಾಗದ. ನಾನು ಎರಡು ತರಿಸಿದೆ. ಒಂದು 149 ರೂಪಾಯಿ, ಇನ್ನೊಂದು 320. ಎರಡರ ಡಬ್ಬಿ ಮೇಲೂ ಯಾರೂ ಕೇಳಿರದ ಹೆಸರು. ಇದೇ ಕೊಳವೆ ಮುಂದಿನ ತಿಂಗಳು ಬೇರೆ ಹೆಸರಲ್ಲಿ ಬರುತ್ತದೆ. ಹಾಗಾಗಿ ಕಂಪನಿ ಹೆಸರು ಬಿಟ್ಟುಬಿಡಿ, ಯಾವ ಮಾದರಿ ಅಂತ ನೋಡಿ.

ತರಿಸಿದ್ದಕ್ಕೆ ಕಾರಣ ನಮ್ಮ ಬೀದಿಯ ವಾಟ್ಸಾಪ್ ಗುಂಪು. ಬೆಂಗಳೂರಿನ ಹಾಲೆಲ್ಲ ವಿಷ ಅಂತ ಯಾರೋ ಒಂದು ವಿಡಿಯೊ ಹಾಕಿದರು. ನಮ್ಮ ಮನೆಗೆ ಮೂರು ಕಡೆಯಿಂದ ಹಾಲು ಬರುತ್ತದೆ. ಕಾಫಿಗೆ ಪ್ಯಾಕೆಟ್ ಹಾಲು. ಮೊಸರಿಗೆ, ಕೆಂಗೇರಿ ಕಡೆ ನಾಲ್ಕು ಹಸು ಕಟ್ಟಿಕೊಂಡಿರುವವರೊಬ್ಬರು ಬೈಕಿನಲ್ಲಿ ತರುವ ಹಾಲು. ಮಗನ ಹಟಕ್ಕೆ ಆ್ಯಪಿನಲ್ಲಿ ತರಿಸುವ ಗಾಜಿನ ಬಾಟಲಿ ಹಾಲು. ಇದರಲ್ಲಿ ಯಾವುದು ಮೋಸ ಅಂತ ನಮ್ಮ ಮನೆಯವರಿಗೆ ಗೊತ್ತಾಗಬೇಕಿತ್ತು. ನನಗೆ ಹಳೆಯ ಪರಿಚಯದ ಒಂದು ವಸ್ತುವನ್ನು ಮತ್ತೆ ಕೈಯಲ್ಲಿ ಹಿಡಿಯುವ ಆಸೆ.

ಮೊದಲು ಅಗ್ಗದ್ದರ ವಿಷಯ ಮುಗಿಸುತ್ತೇನೆ. ಅದರ ಕಾಗದದ ಮೇಲೆ ಕೆಳಗೊಂದು ಎಂ, ಮೇಲೊಂದು ಡಬ್ಲ್ಯೂ, ನಡುವೆ 3, 2, 1 ಇರುತ್ತದೆ. ಎಂ ಅಂದರೆ ಹಾಲು, ಡಬ್ಲ್ಯೂ ಅಂದರೆ ನೀರು. ಮೂರರಲ್ಲಿ ನಿಂತರೆ ಮುಕ್ಕಾಲು ಪಾಲು ಹಾಲು, ಎರಡರಲ್ಲಿ ನಿಂತರೆ ಅರ್ಧ. ಕಾಲು ಪಾಲು ನೀರು ಸುರಿದಿದ್ದರೆ ಅದನ್ನು ಹೇಳಲು ಕೊಳವೆ ಯಾಕೆ ಬೇಕು? ಕಾಫಿ ಕುಡಿದರೆ ಗೊತ್ತಾಗುತ್ತದೆ. ಸುಮ್ನೆ ಶುದ್ಧ ನೀರಿಗೆ ಬಿಟ್ಟು ನೋಡಿದೆ. ನೀರಿನ ಗೆರೆಗೆ ಬರದೆ ಅದಕ್ಕಿಂತ ಕೆಳಗಿನ ಗೆರೆಯಲ್ಲೇ ತೇಲುತ್ತಾ ನಿಂತಿತು. ಅಂದರೆ ನಲ್ಲಿ ನೀರಿನಲ್ಲೂ ಸ್ವಲ್ಪ ಹಾಲಿದೆ ಅಂತ ಅದರ ಲೆಕ್ಕ! ಇದನ್ನು ಕೊಳ್ಳಬೇಡಿ.

320 ರೂಪಾಯಿಯದು ಸ್ವಲ್ಪ ಮರ್ಯಾದಸ್ಥ. ಇದರಲ್ಲಿ ಸೊನ್ನೆಯಿಂದ 40ರವರೆಗೆ ಅಂಕಿಗಳಿವೆ. ಓದುವ ಲೆಕ್ಕ ಸುಲಭ. 30 ಅಂತ ತೋರಿಸಿದರೆ ಆ ಹಾಲು ಒಂದು ಲೀಟರಿಗೆ 1,030 ಗ್ರಾಂ ತೂಗುತ್ತದೆ ಅಂತ ಅರ್ಥ. ನೀರು ಒಂದು ಲೀಟರಿಗೆ ಸಾವಿರ ಗ್ರಾಂ, ಅದಕ್ಕೇ ನೀರಿನಲ್ಲಿ ಸೊನ್ನೆ ಬರಬೇಕು. ಹಸುವಿನ ಹಾಲು ಸಾಮಾನ್ಯವಾಗಿ 28ರಿಂದ 30ರ ನಡುವೆ ಇರುತ್ತದೆ. ಎಮ್ಮೆ ಹಾಲು 30ರಿಂದ 32. ನೀರು ಸೇರಿದಷ್ಟೂ ಅಂಕಿ ಇಳಿಯುತ್ತದೆ. 30 ಇದ್ದ ಹಾಲಿಗೆ ಹತ್ತನೇ ಒಂದು ಪಾಲು ನೀರು ಸೇರಿದರೆ 27. ಕಾಗದದ ಮೂಲೆಯಲ್ಲಿ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ 27 ಡಿಗ್ರಿ ಸೆಲ್ಸಿಯಸ್ ಅಂತ ಬರೆದಿದೆ. ಅದರ ಮಹತ್ವವನ್ನು ಜೊತೆಗೆ ಬಂದ ಚೀಟಿ ಎಲ್ಲೂ ಹೇಳುವುದಿಲ್ಲ. ಮುಂದೆ ಅದೇ ದೊಡ್ಡ ರಾಮಾಯಣವಾಯಿತು.

ಇನ್ನೊಂದು ಕಿರಿಕಿರಿ ಪಾತ್ರೆಯದು. ಕೊಳವೆ ಒಂದು ಗೇಣಿಗಿಂತ ಉದ್ದ. ಅದು ತಳಕ್ಕೂ ತಾಗದೆ, ಪಕ್ಕಕ್ಕೂ ಒರಗದೆ ತೇಲಬೇಕು. ನಮ್ಮ ಅಡುಗೆಮನೆಯಲ್ಲಿ ಅಷ್ಟು ಆಳದ, ಕಡಿಮೆ ಅಗಲದ ಪಾತ್ರೆಯೇ ಇಲ್ಲ. ಲೋಟದಲ್ಲಿ ತಳ ಮುಟ್ಟುತ್ತದೆ. ತಪ್ಪಲೆಯಲ್ಲಿ ತೇಲಿಸಬೇಕು ಅಂದರೆ ಎರಡು ಲೀಟರ್ ಹಾಲು ಬೇಕು. ಕೊನೆಗೆ 250 ಎಂಎಲ್ ಅಳತೆಯ ಉದ್ದನೆಯ ಜಾಡಿ ಬೇರೆ ತರಿಸಿದೆ. ಅದಕ್ಕೂ ಕೊಳವೆಯಷ್ಟೇ ದುಡ್ಡು.

ಎಲ್ಲ ಸೇರಿದ ಮೇಲೆ ಬೆಳಿಗ್ಗೆ ಬೈಕಿನವರು ಹಾಲು ತಂದ ತಕ್ಷಣ ನಮ್ಮ ಮನೆಯವರು ಜಾಡಿಗೆ ಸುರಿದು ಕೊಳವೆ ಬಿಟ್ಟರು. 25ಕ್ಕೂ 26ಕ್ಕೂ ನಡುವೆ ನಿಂತಿತು. ಅಷ್ಟೇ ಸಾಕಾಯಿತು. ಪಕ್ಕದ ಮನೆಯವರನ್ನು ಕರೆದು ತೋರಿಸಿದ್ದೂ ಆಯಿತು. ನಾಳೆ ಅವರು ಬಂದಾಗ ಗೇಟಿನ ಹತ್ತಿರವೇ ಕೇಳುವುದು ಅಂತ ತೀರ್ಮಾನವೂ ಆಯಿತು.

ಊರಿಂದ ಬಂದಿದ್ದ ಅವ್ವ ಸೋಫಾ ಮೇಲೆ ಕಾಲು ಮಡಚಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಎದ್ದು ಬಂದಳು. ಜಾಡಿಯನ್ನು ಹೊರಗಿನಿಂದ ಅಂಗೈಯಲ್ಲಿ ಹಿಡಿದಳು. ಕೊಳವೆಯ ಕಡೆ ನೋಡಲೇ ಇಲ್ಲ.

"ಕರೆದು ಎಷ್ಟೊತ್ತಾಯ್ತು ಇದ್ನ?" ಅಂದಳು.

ಆರೂಕಾಲಿಗೆ ತಂದರು, ಅದಕ್ಕೆ ಸ್ವಲ್ಪ ಮುಂಚೆ ಕರೆದಿರಬೇಕು ಅಂದೆ.

"ಇನ್ನೂ ಬೆಚ್ಚಗದೆ. ನೊರೆ ಬೇರೆ ಅದೆ. ಇದ್ಕೆ ಬಿಟ್ರೆ ಡಿಗ್ರಿ ಎಲ್ಲಿ ಬಂದದು? ಆಮೇಕೆ ನೋಡವ್ವ, ಪಾಪ ಯಾರ್ನೋ ಯಾಕೆ ಕಳ್ಳ ಅಂತೀಯ" ಅಂತ ಸೊಸೆಗೆ ಹೇಳಿ ಮತ್ತೆ ಸೋಫಾಕ್ಕೆ ಹೋದಳು. ಅವಳ ಬಾಯಲ್ಲಿ ಡಿಗ್ರಿ ಅಂದರೆ ಕೊಳವೆ ತೋರಿಸುವ ಅಂಕಿ.

ಎರಡು ಗಂಟೆ ಬಿಟ್ಟು, ಹಾಲು ಪೂರ್ತಿ ಆರಿದ ಮೇಲೆ ಅದೇ ಹಾಲಿಗೆ ಅದೇ ಕೊಳವೆ ಬಿಟ್ಟೆವು. 28.

ಇದು ಕೊಳ್ಳುವವರು ಓದಲೇಬೇಕಾದ ಭಾಗ. ಹಾಲು ಬೆಚ್ಚಗಿದ್ದರೆ ಹಗುರವಾಗುತ್ತದೆ, ಅಂಕಿ ಇಳಿಯುತ್ತದೆ. 27 ಡಿಗ್ರಿಗಿಂತ ಐದು ಡಿಗ್ರಿ ಬಿಸಿ ಜಾಸ್ತಿ ಇದ್ದರೆ ಸುಮಾರು ಒಂದು ಅಂಕಿ ಕಮ್ಮಿ ತೋರಿಸುತ್ತದೆ. ಕರೆದ ಹಾಲು ಹಸುವಿನ ಮೈ ಬಿಸಿಯಲ್ಲೇ ಬರುತ್ತದೆ, ಅದು 38 ಡಿಗ್ರಿಯ ಆಸುಪಾಸು. ಜೊತೆಗೆ ಹೊಸ ಹಾಲಿನಲ್ಲಿ ಗಾಳಿ ಸೇರಿಕೊಂಡಿರುತ್ತದೆ. ಅಂದರೆ ಅಪ್ಪಟ ಹಾಲು ತಂದವನೇ ಮೊದಲು ಸಿಕ್ಕಿಬೀಳುತ್ತಾನೆ. ಫ್ರಿಜ್ಜಿನಿಂದ ತೆಗೆದ ಹಾಲಿಗೆ ಇದರ ಉಲ್ಟಾ, ಅಂಕಿ ಏರುತ್ತದೆ. ಆ್ಯಪಿನವರ ಬಾಟಲಿ ಐಸಿನ ಜೊತೆ ಬರುತ್ತದಲ್ಲ, ಅದು ಬಂದ ಕೂಡಲೇ 31 ದಾಟಿತ್ತು. ಮಗ ಕುಣಿದಾಡಿದ. ಹೊರಗಿಟ್ಟು ತಣ್ಣಗಿರುವುದು ಹೋದ ಮೇಲೆ ಅದೂ 28ಕ್ಕೆ ಬಂತು. ಬಾಟಲಿಯ ಬೆಲೆಗೂ ಬೈಕಿನ ಹಾಲಿನ ಬೆಲೆಗೂ ಇರುವ ಅಂತರ ಕೊಳವೆಗೆ ಕಾಣಲಿಲ್ಲ. ಬಾಟಲಿ ಮೇಲೆ ಎ2 ಅಂತ ಬರೆದಿದೆ. ಅದು ಪ್ರೋಟೀನಿನ ವಿಷಯ, ಅದನ್ನು ಯಾವ ಲ್ಯಾಕ್ಟೋಮೀಟರೂ ಹೇಳಲ್ಲ.

ಅವ್ವನಿಗೆ ಇದೆಲ್ಲ ಹೇಗೆ ಗೊತ್ತು ಅಂದರೆ, ಅವಳು ಇಪ್ಪತ್ತು ವರ್ಷಕ್ಕೂ ಮೇಲೆ ಈ ಕೊಳವೆಯ ಮುಂದೆ ನಿಂತವಳು. ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿದೆ. ಗೆಜ್ಜಲಗೆರೆಯ ಹಾಲು ಒಕ್ಕೂಟಕ್ಕೆ ಹಾಲು ಹೋಗುವ ಊರುಗಳಲ್ಲಿ ಒಂದು. ಕರ್ನಾಟಕದಲ್ಲಿ ಹಳ್ಳಿ ಹಳ್ಳಿಗೆ ಹಾಲಿನ ಸಂಘ ಮಾಡುವ ಕೆಲಸ ಶುರುವಾದದ್ದು 1974ರಲ್ಲಿ, ವಿಶ್ವಬ್ಯಾಂಕಿನ ಸಾಲದಿಂದ. 1984ರಲ್ಲಿ ಅದು ಕೆಎಂಎಫ್ ಆಯಿತು. ನನಗೆ ಬುದ್ಧಿ ಬರುವ ಹೊತ್ತಿಗೆ ನಮ್ಮೂರಲ್ಲೂ ಸಂಘ ಇತ್ತು. ಊರವರ ಬಾಯಲ್ಲಿ ಅದು ಡೈರಿ.

ಬೆಳಿಗ್ಗೆ ಸಂಜೆ ಡೈರಿ ಮುಂದೆ ಕ್ಯಾನು, ಚೊಂಬು, ಬಕೆಟ್ ಹಿಡಿದವರ ಸಾಲು. ಸೆಕ್ರೆಟ್ರಿ ಎಲ್ಲರ ಹಾಲಲ್ಲೂ ಸ್ವಲ್ಪ ತೆಗೆದು ಉದ್ದನೆಯ ಜಾಡಿಗೆ ಹಾಕಿ ಕೊಳವೆ ಬಿಡುತ್ತಿದ್ದರು. ಬಗ್ಗಿ, ಗೆರೆಯ ಮಟ್ಟಕ್ಕೆ ಕಣ್ಣು ತಂದು ನೋಡುವುದು. ನಮ್ಮ ಡೈರಿಯಲ್ಲಿ 26ಕ್ಕಿಂತ ಕೆಳಗೆ ಬಂದರೆ ಹಾಲು ವಾಪಸ್. "ಡಿಗ್ರಿ ಬರ್ನಿಲ್ಲ" ಅಂತ ಸಾಲಿನ ಮುಂದೆ ಹೇಳಿಸಿಕೊಂಡರೆ ಅದಕ್ಕಿಂತ ಅವಮಾನ ಬೇರೆ ಇರಲಿಲ್ಲ. ಆಮೇಲೆ ಫ್ಯಾಟ್ ನೋಡಲು ಚಿಕ್ಕ ಬಾಟಲಿಗೆ ಸ್ಯಾಂಪಲ್, ಕಾರ್ಡಿನಲ್ಲಿ ಲೀಟರ್ ಬರೆಸುವುದು, ವಾರಕ್ಕೊಮ್ಮೆ ಬಟವಾಡೆ. ತಗೊಂಡ ಫೀಡ್ಸ್ ಮೂಟೆಯ ದುಡ್ಡನ್ನು ಬಟವಾಡೆಯಲ್ಲೇ ಹಿಡಿದುಕೊಳ್ಳುತ್ತಿದ್ದರು.

ಡಿಗ್ರಿ ತರಿಸುವ ವಿದ್ಯೆ ಊರಿನ ಮಕ್ಕಳಿಗೂ ಗೊತ್ತಿತ್ತು. ಕೆನೆ ತೆಗೆದರೆ ಅಂಕಿ ಏರುತ್ತದೆ, ಯಾಕೆಂದರೆ ಕೊಬ್ಬು ಹಗುರ. ಅದಕ್ಕೆ ನೀರು ಸೇರಿಸಿದರೆ ಏರಿದ ಅಂಕಿ ಇಳಿದು ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಎರಡು ತಪ್ಪು ಸೇರಿ ಒಂದು ಸರಿ! ಫ್ಯಾಟ್ ಪರೀಕ್ಷೆ ಇದ್ದಿದ್ದಕ್ಕೆ ಆ ಆಟ ಜಾಸ್ತಿ ನಡೆಯುತ್ತಿರಲಿಲ್ಲ. ಸಕ್ಕರೆ ಹಾಕುವವರೂ ಇದ್ದರು ಅಂತ ಮಾತಿತ್ತು. ಅವ್ವ ಹಾಲಿಗೆ ನೀರು ಸೇರಿಸುತ್ತಿರಲಿಲ್ಲ ಅನ್ನುವುದು ದೊಡ್ಡ ವಿಷಯವೇನಲ್ಲ. ಡೈರಿಯಲ್ಲಿ ಸಿಕ್ಕಿಬೀಳುವ ಭಯಕ್ಕೆ ಸುಮಾರು ಜನ ಸೇರಿಸುತ್ತಿರಲಿಲ್ಲ.

ನನಗೆ ನೆನಪಿರುವುದು ಗೌರಿಗೆ ಕೆಚ್ಚಲು ಬಾವು ಬಂದಾಗಿನ ಮಾತು.

ಗೌರಿ ನಮ್ಮ ಸೀಮೆಹಸು. ಬ್ಯಾಂಕ್ ಸಾಲದಲ್ಲಿ ತಂದಿದ್ದು. ಬೆಳಿಗ್ಗೆ ಆರು, ಸಂಜೆ ನಾಲ್ಕು ಲೀಟರ್ ಕೊಡುತ್ತಿದ್ದಳು. ಮನೆಯ ಉಪ್ಪು, ಎಣ್ಣೆ, ನನ್ನ ಸ್ಕೂಲು ಎಲ್ಲ ಆ ಹತ್ತು ಲೀಟರಿನಲ್ಲೇ ನಡೆಯಬೇಕು. ನಾನಾಗ ಆರನೇ ಕ್ಲಾಸು. ಒಂದು ಬೆಳಿಗ್ಗೆ ಅವಳ ಒಂದು ಮೊಲೆ ಕಲ್ಲಿನ ಹಾಗೆ ಗಟ್ಟಿಯಾಗಿ, ಹಾಲಲ್ಲಿ ಗರಣೆ ಗರಣೆ ಬಂತು. ಡಾಕ್ಟ್ರು ಬಂದು ಸೂಜಿ ಹಾಕಿದರು. ಮೊಲೆಯೊಳಗೆ ಟ್ಯೂಬಿನ ಔಷಧಿ ಏರಿಸಿದರು. ಕೊನೆಯ ಔಷಧಿ ಹಾಕಿದ ಮೇಲೆ ಮೂರು ದಿನ ಡೈರಿಗೆ ಹಾಲು ಹಾಕಬೇಡಿ ಅಂತ ಹೇಳಿ ಹೋದರು. ಹೇಳುವ ಧಾಟಿಯಲ್ಲೇ ಗೊತ್ತಾಗುತ್ತಿತ್ತು, ಈ ಮಾತನ್ನು ಯಾರೂ ಕೇಳಲ್ಲ ಅಂತ ಅವರಿಗೂ ಗೊತ್ತಿದೆ ಎಂದು.

ಎರಡನೇ ಔಷಧಿಗೇ ಗರಣೆ ನಿಂತಿತು. ಹಾಲು ಬೆಳ್ಳಗೆ, ಮಾಮೂಲಿನ ಹಾಗೆ ಬಂತು. ಅಪ್ಪ ಕ್ಯಾನು ತೊಳೆದು ತಂದಿಟ್ಟ. ಅವ್ವ ಕರೆದ ಹಾಲನ್ನು ಬಕೆಟ್ ಸಮೇತ ಹೊತ್ತುಕೊಂಡು ಹೋಗಿ ತಿಪ್ಪೆಗೆ ಸುರಿದಳು. ಹಾಲು ತಿಪ್ಪೆಗೆ ಸುರಿದರೆ ಮನೆ ಲಕ್ಷ್ಮಿ ಹೊರಟು ಹೋಗುತ್ತಾಳೆ ಅಂತ ಅಜ್ಜಿ ಜಗಲಿ ಮೇಲೆ ಕೂತು ಅತ್ತಳು. ಅಪ್ಪನಿಗೆ ಬಂದ ಸಿಟ್ಟು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವನೇನೂ ಕೆಟ್ಟವನಲ್ಲ. ಆ ವಾರದ ಬಟವಾಡೆಯಲ್ಲಿ ಫೀಡ್ಸ್ ದುಡ್ಡು ಹೋದರೆ ಉಳಿಯುವುದು ಎಷ್ಟು ಅನ್ನುವ ಲೆಕ್ಕ ಅವನ ತಲೆಯಲ್ಲಿತ್ತು.

ನಾನು ನನ್ನ ಜಾಣತನ ತೋರಿಸಿದೆ. "ಅವ್ವ, ಡಿಗ್ರಿ ಬತ್ತದೆ ಕಣವ್ವ. ಫ್ಯಾಟೂ ಬತ್ತದೆ. ಯಾರ್ಗೂ ಗೊತ್ತಾಗಕಿಲ್ಲ" ಅಂದೆ. ಅದು ನಿಜವೇ. ಆ ಔಷಧಿಯನ್ನು ಹಿಡಿಯುವಂಥದ್ದು ನಮ್ಮ ಡೈರಿಯಲ್ಲಿ ಏನೂ ಇರಲಿಲ್ಲ.

"ಅದ್ಕೇ ಕಣ್ಲಾ" ಅಂದಳು. "ನೀರು ನೋಡಕ್ಕೆ ಅವ್ರು ಕೊಳವೆ ಮಡಗವ್ರೆ. ಸೂಜಿ ನೋಡಕ್ಕೆ ಏನು ಮಡಗವ್ರೆ? ಏನೂ ಇಲ್ಲ. ನಾವು ಬಾಯ್ಬುಟ್ಟು ಹೇಳ್ನಿಲ್ಲ ಅಂದ್ರೆ ಇನ್ಯಾರು ಹೇಳಾರು?"

ಅಪ್ಪ ಇದಕ್ಕೆಲ್ಲ ಬಗ್ಗುವವನಲ್ಲ. ಮಾತಿನಲ್ಲಿ ಆಗದಿದ್ದನ್ನು ಅವ್ವ ಮೊಸರಿನಲ್ಲಿ ಮಾಡಿದಳು. ಸಂಜೆಯ ಹಾಲಲ್ಲಿ ಒಂದು ಚೊಂಬು ಉಳಿಸಿ, ಕಾಯಿಸಿ, ಆರಿಸಿ, ಹೆಪ್ಪು ಹಾಕಿಟ್ಟಳು. ಬೆಳಿಗ್ಗೆ ಚೊಂಬನ್ನು ತಂದು ಅಪ್ಪನ ತಟ್ಟೆ ಪಕ್ಕ ಬಗ್ಗಿಸಿದಳು. ಹಾಲು ಹಾಲಾಗಿಯೇ ಹರಿಯಿತು. ಮೊಸರಾಗಿರಲೇ ಇಲ್ಲ. ಔಷಧಿ ಕಾಯಿಸಿದರೂ ಹೋಗಿರಲಿಲ್ಲ, ಅದು ಹೆಪ್ಪಿನ ಜೀವವನ್ನೂ ಕೊಂದಿತ್ತು. "ಮೊಸ್ರೇ ಆಗ್ದಿರೋ ಹಾಲ ಯಾವ ಮಗಿನ ಹೊಟ್ಟೆಗೆ ಹಾಕನ, ನೀನೇ ಹೇಳು" ಅಂದಳು. ಅಪ್ಪ ತಟ್ಟೆ ಒರೆಸಿಕೊಂಡು ಊಟ ಮುಂದುವರಿಸಿದ. ಕ್ಯಾನು ಮತ್ತೆ ಗೂಡು ಸೇರಿತು.

ಇಷ್ಟಕ್ಕೇ ಬಿಟ್ಟಿದ್ದರೆ ಊರಿಗೆ ಗೊತ್ತಾಗುತ್ತಲೇ ಇರಲಿಲ್ಲ. ಅವಳು ಖಾಲಿ ಕೈಯಲ್ಲಿ ನನ್ನನ್ನೂ ಕರೆದುಕೊಂಡು ಡೈರಿಗೆ ಹೋದಳು. ಸೆಕ್ರೆಟ್ರಿಗೆ, "ಗೌರಿಗೆ ಕೆಚ್ಚಲ ಬಾವು ಆಗದೆ, ಟ್ಯೂಬ್ ಹಾಕ್ಸಿವ್ನಿ, ಭಾನುವಾರದ ಗಂಟ ಹಾಲು ತರಕಿಲ್ಲ, ಬರ್ಕಳಿ" ಅಂದಳು. ಬರ್ಕೊಳ್ಳುವಂಥ ಕಾಲಂ ಅವರ ಪುಸ್ತಕದಲ್ಲಿ ಇರಲಿಲ್ಲ. ಅವರು ಸುಮ್ಮನೆ ತಲೆ ಆಡಿಸಿದರು. ಸಾಲಿನಲ್ಲಿದ್ದವರ ಮುಖ ಮಾತ್ರ ಸಪ್ಪಗಾಯಿತು. ಹಿಂದಿನ ತಿಂಗಳು ಇನ್ನೂ ಎರಡು ಮನೆಯ ಹಸುಗಳಿಗೆ ಅದೇ ಡಾಕ್ಟ್ರು ಅದೇ ಟ್ಯೂಬ್ ಹಾಕಿದ್ದರು. ಆ ಮನೆಗಳ ಹಾಲು ಒಂದು ಹೊತ್ತೂ ನಿಂತಿರಲಿಲ್ಲ. "ಊರಿಗೆಲ್ಲ ನೀನೊಬ್ಳೇ ಸಾಚಾ ಕಣಕ್ಕ" ಅಂತ ಒಬ್ಬಾಕೆ ಅಂದೇಬಿಟ್ಟಳು. ಅವ್ವ ಅದಕ್ಕೆ ಏನೂ ಹೇಳಲಿಲ್ಲ. ಆಮೇಲೆ ಸುಮಾರು ದಿನ ಆ ಮನೆಯವರು ನಮ್ಮ ಜೊತೆ ಮಾತು ಬಿಟ್ಟಿದ್ದರು. ನನಗೆ ಆ ವಯಸ್ಸಿಗೆ ಅವ್ವನ ಮೇಲೆ ಹೆಮ್ಮೆ ಬರಲಿಲ್ಲ, ನಾಚಿಕೆ ಬಂತು. ಆ ಮನೆಯ ಹುಡುಗ ನನ್ನ ಗೋಲಿ ಆಟದ ಜೊತೆಗಾರ.

ಈಗ ವಿಷಯಕ್ಕೆ ಬರುತ್ತೇನೆ. ಈ ಕಥೆ ಹೇಳಿದ್ದು ಕೊಳವೆಯ ಮಿತಿ ಎಲ್ಲಿದೆ ಅಂತ ತೋರಿಸಲು. ಕೊಳ್ಳುವ ಮುಂಚೆ ಅದು ಗೊತ್ತಿರಬೇಕು. ಮನೆಯಲ್ಲಿ ನಾನು ಮಾಡಿ ನೋಡಿದ್ದನ್ನು ಹೇಳುತ್ತೇನೆ.

ಪ್ಯಾಕೆಟ್ಟಿನ ಟೋನ್ಡ್ ಹಾಲನ್ನು ಹೊರಗಿಟ್ಟು, ತಣ್ಣಗಿರುವುದು ಹೋದ ಮೇಲೆ ನೋಡಿದರೆ 29 ಬಂತು. ಅದರಲ್ಲಿ 450 ಎಂಎಲ್ ತೆಗೆದುಕೊಂಡು 50 ಎಂಎಲ್ ನೀರು ಸೇರಿಸಿದೆ. 26ಕ್ಕೆ ಇಳಿಯಿತು. ಇಲ್ಲಿಯವರೆಗೆ ಭೇಷ್. ಆ ಅರ್ಧ ಲೀಟರಿಗೆ ಒಂದು ಚಿಕ್ಕ ಚಮಚ ಸಕ್ಕರೆ ಹಾಕಿ ಕಲಕಿದೆ. ಮತ್ತೆ 29! ನಮ್ಮ ಮನೆಯವರ ಮುಖ ನೋಡಬೇಕಿತ್ತು. ಅಷ್ಟು ಸಕ್ಕರೆ ಕಾಫಿಯಲ್ಲಿ ಯಾರಿಗೂ ಗೊತ್ತಾಗಲ್ಲ.

ಇನ್ನೊಂದು ಮಜಾ. ಟೋನ್ಡ್ ಹಾಲಿನಲ್ಲಿ ನಿಯಮದ ಪ್ರಕಾರ ಕೊಬ್ಬು ಶೇ. 3, ಕೊಬ್ಬು ಬಿಟ್ಟು ಉಳಿದ ಘನ ಪದಾರ್ಥ ಶೇ. 8.5 ಇರಬೇಕು. ಫುಲ್ ಕ್ರೀಮ್ ಹಾಲಿನಲ್ಲಿ ಕೊಬ್ಬು ಶೇ. 6, ಉಳಿದದ್ದು ಶೇ. 9. ಎರಡರ ಬೆಲೆಯೂ ಬೇರೆ, ರುಚಿಯೂ ಬೇರೆ. ಕೊಳವೆಗೆ ಮಾತ್ರ ಎರಡೂ ಹೆಚ್ಚುಕಮ್ಮಿ ಒಂದೇ. ಕೊಬ್ಬು ಕೆಳಗೆ ಎಳೆದಷ್ಟನ್ನು ಉಳಿದ ಪದಾರ್ಥ ಮೇಲೆ ಎತ್ತುತ್ತದೆ. ಹಾಲು ಗಟ್ಟಿಯಾ ಅಂತ ತಿಳಿಯಲು ಇದನ್ನು ಕೊಳ್ಳುವವರು ದುಡ್ಡು ಉಳಿಸಿಕೊಳ್ಳಬಹುದು. ಕಾಯಿಸಿ ಕೆನೆ ನೋಡಿದರೆ ಸಾಕು.

ನೀರೊಂದನ್ನೇ ನೋಡಬೇಕು ಅಂದರೆ ಖರ್ಚಿಲ್ಲದ ದಾರಿಯೂ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರವೇ, ಅಂದರೆ ಎಫ್‌ಎಸ್‌ಎಸ್‌ಎಐ, ಮನೆಯಲ್ಲಿ ಮಾಡುವ ಪರೀಕ್ಷೆಗಳ ಪಟ್ಟಿ ಕೊಟ್ಟಿದೆ. ಇಳಿಜಾರಾದ ನುಣುಪು ಹಲಗೆಯ ಮೇಲೆ ಒಂದು ಹನಿ ಹಾಲು ಬಿಡಿ. ಒಳ್ಳೆ ಹಾಲು ನಿಧಾನಕ್ಕೆ ಇಳಿಯುತ್ತದೆ, ಹಿಂದೆ ಬಿಳಿ ಗೆರೆ ಬಿಡುತ್ತದೆ. ನೀರು ಹಾಲು ಗೆರೆ ಬಿಡದೆ ಸರ್ರನೆ ಹರಿಯುತ್ತದೆ. ಹಿಟ್ಟು ಬೆರೆಸಿದ ಅನುಮಾನ ಇದ್ದರೆ ಅಯೋಡಿನ್ ಎರಡು ಹನಿ ಹಾಕಿ, ನೀಲಿಯಾದರೆ ಹಿಟ್ಟಿದೆ. ಸೋಪಿನ ಪುಡಿಯ ಅನುಮಾನಕ್ಕೆ ಅಷ್ಟೇ ನೀರು ಸೇರಿಸಿ ಕುಲುಕಿ, ದಟ್ಟ ನೊರೆ ಬಂದು ನಿಂತರೆ ಬಿಡಿ ಆ ಹಾಲನ್ನು.

ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದ ತುಂಬಾ 6,432 ಸ್ಯಾಂಪಲ್ ತೆಗೆದು ಹಾಲಿನ ಸಮೀಕ್ಷೆ ಮಾಡಿಸಿತ್ತು. ಕುಡಿಯಲು ಅಪಾಯ ಅನ್ನುವಷ್ಟು ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಹಸು, ಎಮ್ಮೆಗೆ ಕೊಟ್ಟ ಆ್ಯಂಟಿಬಯೋಟಿಕ್ ಮಿತಿ ಮೀರಿ ಉಳಿದಿದ್ದು 77ರಲ್ಲಿ. ಬೂಷ್ಟು ಹಿಡಿದ ಮೇವು, ಹಿಂಡಿಯಿಂದ ಬರುವ ಅಫ್ಲಾಟಾಕ್ಸಿನ್ ಅನ್ನುವ ವಿಷ ಮಿತಿ ಮೀರಿದ್ದು 368ರಲ್ಲಿ. ವಾಟ್ಸಾಪಿನಲ್ಲಿ ಬರುವುದೆಲ್ಲ ಮೊದಲ ಥರದ್ದರ ವಿಡಿಯೊ. ಉಳಿದ ಎರಡನ್ನು ತೋರಿಸುವ ಕೊಳವೆ 149ಕ್ಕೂ ಇಲ್ಲ, 320ಕ್ಕೂ ಇಲ್ಲ. ಅದಕ್ಕೆ ಲ್ಯಾಬ್ ಬೇಕು. ಅಥವಾ ಹಸು ಕಟ್ಟಿದವರು ತಾವಾಗಿ ಹೇಳಬೇಕು.

ಅವ್ವ ಆ ಎರಡನೆಯ ದಾರಿ ಹಿಡಿದಳು. ಮಾರನೇ ದಿನ ಬೈಕಿನವರು ಬಂದಾಗ ಗೇಟಿಗೆ ಹೋಗಿದ್ದು ಅವಳೇ. ಊರು ಯಾವುದು, ಎಷ್ಟು ಹಸು, ಏನು ಮೇವು ಅಂತೆಲ್ಲ ವಿಚಾರಿಸಿ, ಸೂಜಿ ಗೀಜಿ ಹಾಕಿಸಿದರೆ ಏನು ಮಾಡ್ತೀಯಪ್ಪ ಅಂತ ಕೇಳಿದಳು.

"ಹೋದ ತಿಂಗಳು ಒಂದು ಹಸಕ್ಕೆ ಹಾಕ್ಸಿದ್ನಲ್ಲಮ್ಮ, ಅದ್ಕೇ ನಿಮ್ಮನೆಗೆ ಬರ್ಲಿಲ್ಲ" ಅಂದರು ಅವರು. "ಅಕ್ಕಾವ್ರು ಫೋನಲ್ಲಿ ಬೈದ್ರು."

ಬೈದ ಅಕ್ಕ ಒಳಗೆ ಕಾಫಿ ಸೋಸುತ್ತಿದ್ದರು. ಹೇಳದೆ ಕೇಳದೆ ನಾಲ್ಕು ದಿನ ಹಾಲು ನಿಲ್ಲಿಸಿದ್ದಾರೆ, ಇವರನ್ನು ಬಿಟ್ಟುಬಿಡೋಣ ಅಂತ ಮನೆಯಲ್ಲಿ ಆಗ ದೊಡ್ಡ ಮಾತೇ ಆಗಿತ್ತು. ಯಾಕೆ ತರಲಿಲ್ಲ ಅಂತ ಅವರು ಆಗಲೇ ಹೇಳಬಹುದಿತ್ತಲ್ವಾ ಅಂತ ನಾನು ಕೇಳಿದೆ. ಸೂಜಿ ಅಂದ ತಕ್ಷಣ ಗಿರಾಕಿಗಳು ಹಾಲನ್ನೇ ಬಿಟ್ಟುಬಿಡುತ್ತಾರಂತೆ. ಇದಕ್ಕೆ ಅವ್ವ ಒಪ್ಪಲಿಲ್ಲ. "ಹೇಳ್ಬುಟ್ಟೇ ನಿಲ್ಸು. ಬುಡೋರು ಬುಡ್ಲಿ" ಅಂದಳು. ಅವರು ನಕ್ಕು ಬೈಕ್ ಹತ್ತಿದರು. ಮುಂದೆ ಹೇಳುತ್ತಾರೋ ಇಲ್ಲವೋ ನೋಡಬೇಕು. ಬಾಟಲಿ ಹಾಲಿನ ಆ್ಯಪಿಗೂ ಇದೇ ಪ್ರಶ್ನೆ ಬರೆದು ಕಳಿಸಿದ್ದೆ. ನಿಮ್ಮ ತೃಪ್ತಿಯೇ ನಮ್ಮ ಗುರಿ ಅಂತ ಉತ್ತರ ಬಂತು.

ಇನ್ನು ಯಾರು ತಗೋಬಹುದು ಅಂತ. ಬಿಡಿ ಹಾಲು ತರಿಸುವವರಿಗೆ ಉಪಯೋಗ ಇದೆ. ಒಂದೇ ಕಡೆಯ ಹಾಲನ್ನು, ಒಂದೇ ಬಿಸಿಯಲ್ಲಿ, ಬಿಟ್ಟು ಬಿಟ್ಟು ನೋಡುತ್ತಾ ಹೋದರೆ ಇದ್ದಕ್ಕಿದ್ದಂತೆ ಆಗುವ ಬದಲಾವಣೆ ಕಾಣುತ್ತದೆ. ಮನೆಯಲ್ಲಿ ಹಸು ಕಟ್ಟಿದವರಿಗೂ ಆಗುತ್ತದೆ. ಪ್ಯಾಕೆಟ್ ಹಾಲು ಮಾತ್ರ ತರುವವರಿಗೆ ಏನೂ ಪ್ರಯೋಜನ ಇಲ್ಲ, ಮಕ್ಕಳಿಗೆ ವಿಜ್ಞಾನ ತೋರಿಸಲು ಬೇಕಾದರೆ ಆಯಿತು. ಅಂಕಿ ಇರುವುದನ್ನೇ ತಗೊಳ್ಳಿ. ಬಂದ ತಕ್ಷಣ ಶುದ್ಧ ನೀರಿನಲ್ಲಿ ಬಿಡಿ, ಸೊನ್ನೆ ಬರದಿದ್ದರೆ ವಾಪಸ್ ಮಾಡಿ. ಜೊತೆಗೆ ಒಂದು ಥರ್ಮಾಮೀಟರ್ ಇರಲಿ, ಜ್ವರ ನೋಡುವುದಲ್ಲ, ಅಡುಗೆಗೆ ಬಳಸುವಂಥದ್ದು. ಹಾಲನ್ನು ಜಾಡಿಯ ಗೋಡೆಗೆ ತಾಗಿಸಿ ನಿಧಾನ ಸುರಿಯಿರಿ, ನೊರೆ ಇಳಿಯುವವರೆಗೆ ಕಾಯಿರಿ. ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು ಓದಿ. ಮುಗಿದ ಮೇಲೆ ತಣ್ಣೀರಿನಲ್ಲೇ ತೊಳೆಯಿರಿ. ಬಿಸಿನೀರು ಬಿದ್ದರೆ ಗಾಜು ಬಿರಿಯಬಹುದು, ಒಳಗಿನ ಗುಂಡು ಸೀಸದ್ದು, ಹಾಲಿನಲ್ಲಿದ್ದಾಗಲೇ ಒಡೆದರೆ ಆ ಹಾಲನ್ನು ಕುಡಿಯಬಾರದು. ನೀರು ಸೇರಿದ್ದು ಗೊತ್ತಾದರೂ ಮೊದಲು ಹಾಲು ಆರಿದೆಯಾ ಅಂತ ನೋಡಿ, ಆಮೇಲೆ ಜಗಳಕ್ಕೆ ಹೋಗಿ.

149ರದ್ದಕ್ಕೆ ಐದಕ್ಕೆ ಒಂದು ಸ್ಟಾರ್. ಸೊನ್ನೆ ಕೊಡಲು ಆ್ಯಪು ಬಿಡಲಿಲ್ಲ. 320ರದ್ದಕ್ಕೆ ಮೂರು. ಜಾಡಿ ಜೊತೆಗೇ ಕೊಟ್ಟು, ಬಿಸಿ ಹಾಲಿಗೆ ಬಿಡಬೇಡಿ ಅಂತ ಚೀಟಿಯಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದಿದ್ದರೆ ನಾಲ್ಕು ಕೊಡುತ್ತಿದ್ದೆ.